ಸೂಜಿ ಹಾಕಿಸುವ ಮೊದಲು ಯಾವ ನರ ಅಂತ ಕೇಳಿ

ಸೊಂಟದಲ್ಲಿ ಹುಟ್ಟಿ ತೊಡೆ, ಮೀನಖಂಡ ದಾಟಿ ಪಾದದ ತನಕ ಚಳುಕು ಹೊಡೆಯುವ ಸಯಾಟಿಕಾಗೆ ಅಕ್ಯುಪಂಕ್ಚರ್ ಮಾಡಿಸಬಹುದು. ಆದರೆ ಕಾಲನ್ನು ಮುಟ್ಟಿಯೂ ನೋಡದೆ "ಹತ್ತು ಸಿಟ್ಟಿಂಗ್ ಪ್ಯಾಕೇಜ್" ಬರೆದುಕೊಡುವ ಕಡೆ ಖಂಡಿತ ಬೇಡ.

ಪರೀಕ್ಷೆಗೆ ಹತ್ತು ನಿಮಿಷ ಸಾಕು. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಬೇಕು. 30ರಿಂದ 70 ಡಿಗ್ರಿಯೊಳಗೆ ಚಳುಕು ಮಂಡಿಯಿಂದ ಕೆಳಗೂ ಹರಿದರೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ನರದ ಬೇರನ್ನು ಒತ್ತುತ್ತಿರುವ ಸಂಶಯ ಬಲವಾಗುತ್ತದೆ. ಹಿಮ್ಮಡಿ ಮೇಲೆ ನಡೆಯಲಾಗದೆ, ಹೆಬ್ಬೆರಳು ಮೇಲೆತ್ತುವ ಶಕ್ತಿ ಕುಗ್ಗಿದ್ದರೆ ಎಲ್5, ಅಂದರೆ ಸೊಂಟದ ಐದನೇ ನರದ ಬೇರು. ತುದಿಗಾಲಲ್ಲಿ ನಡೆಯಲಾಗದೆ, ಪಾದದ ಹೊರ ಅಂಚು ಜೋಮು ಹಿಡಿದಿದ್ದರೆ ಎಸ್1, ಅಂದರೆ ಅದರ ಕೆಳಗಿನ ಬೇರು. ಪಾದ ಜೋತುಬಿದ್ದಿದ್ದರೆ, ಮೂತ್ರ ಕಟ್ಟಿದ್ದರೆ, ತೊಡೆಸಂದಿ, ಗುದದ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ ಸೂಜಿಯ ಮಾತೇ ಇಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈ ಪರೀಕ್ಷೆ ಸೂಜಿ ಹಾಕುವವರಿಗೂ ಬೇಕು. ಎಲ್5 ನೋವು ಕಾಲಿನ ಹೊರಮೈಯಲ್ಲಿ ಇಳಿಯುತ್ತದೆ, ಚೀನೀ ಪದ್ಧತಿಯ ಪಿತ್ತಕೋಶದ ನಾಡಿಯ (ಸೂಜಿ ಚುಚ್ಚುವ ಬಿಂದುಗಳನ್ನು ಪೋಣಿಸುವ ಕಲ್ಪನೆಯ ಗೆರೆ) ದಾರಿಯೂ ಹೆಚ್ಚುಕಮ್ಮಿ ಅದೇ. ಎಸ್1 ನೋವು ಹಿಂಬದಿಯಲ್ಲಿ, ಮೂತ್ರಕೋಶದ ನಾಡಿಯ ಜಾಡಿನಲ್ಲಿ. ಹಾಗಾಗಿ ಎಲ್ಲರಿಗೂ ಒಂದೇ ಪಟ್ಟಿಯ ಬಿಂದುಗಳು ಸಲ್ಲುವುದಿಲ್ಲ.

ರೋಗಿ ಊಟ ಮಾಡಿರಬೇಕು, ಮಲಗಿರಬೇಕು. ಹಸಿದು ಕೂತವರಿಗೆ ತಲೆಸುತ್ತು ಬರುವುದು ಮಾಮೂಲು. ಹೊಟ್ಟೆಯಡಿ ದಿಂಬಿಟ್ಟು ಬೋರಲು ಮಲಗಿಸಿ ಬೆನ್ನುಮೂಳೆಯ ಪಕ್ಕದ ಬಿಂದುಗಳಿಗೆ 0.30 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ ಸೂಜಿ. ಪೃಷ್ಠದ ಆಳದ ಬಿಂದುವಿಗೆ 75 ಮಿ.ಮೀ. ಉದ್ದದ್ದೇ ಬೇಕು, ಗಿಡ್ಡ ಸೂಜಿ ಕೊಬ್ಬಿನಲ್ಲೇ ನಿಲ್ಲುತ್ತದೆ. ಮಂಡಿಯ ಹಿಂದಿನ ಗೆರೆಯಲ್ಲಿ ಮಾತ್ರ ಆಳಕ್ಕೆ ಹೋಗಬಾರದು, ಕೆಳಗೆ ದೊಡ್ಡ ರಕ್ತನಾಳವಿದೆ. ಸೂಜಿಗಳು ಸೀಲ್ ಇರುವ ಪೊಟ್ಟಣದಿಂದ ನಿಮ್ಮ ಕಣ್ಣೆದುರೇ ಹೊರಬರಬೇಕು, ಒಂದೇ ಸಲ ಬಳಸಿ ಎಸೆಯಬೇಕು.

ಸರಿಯಾಗಿ ಕೂತ ಸೂಜಿ ಭಾರ, ಮಂದ ನೋವು, ಸೆಳೆತ ತರುತ್ತದೆ. ಕರೆಂಟ್ ಹೊಡೆದಂತೆ ಕಾಲುದ್ದಕ್ಕೂ ಝಲ್ ಎಂದರೆ ಅದು ನರಕ್ಕೇ ತಾಗಿದೆ. "ಅದೇ ಒಳ್ಳೇದು, ತಡ್ಕೊಳ್ಳಿ" ಅನ್ನುವವರನ್ನು ನಂಬಬೇಡಿ. ತಕ್ಷಣ ಹೇಳಿ, ಸೂಜಿಯನ್ನು ಸ್ವಲ್ಪ ಹಿಂದಕ್ಕೆ ಎಳೆಯಲೇಬೇಕು. ಸೂಜಿಗಳನ್ನು 20ರಿಂದ 30 ನಿಮಿಷ ಬಿಡುತ್ತಾರೆ. ಸೂಜಿಗಳಿಗೆ ವಿದ್ಯುತ್ ಜೋಡಿಸುವುದಾದರೆ, ಸೆಕೆಂಡಿಗೆ ಎಷ್ಟು ಮಿಡಿತ ಎನ್ನುವ ಲೆಕ್ಕದಲ್ಲಿ 2 ಹರ್ಟ್ಸ್‌ಗೂ 100 ಹರ್ಟ್ಸ್‌ಗೂ ವ್ಯತ್ಯಾಸವಿದೆ: ದೇಹವೇ ತಯಾರಿಸುವ ನೋವುಶಾಮಕಗಳಲ್ಲಿ ನಿಧಾನದ ಮಿಡಿತ ಎಂಡಾರ್ಫಿನ್, ಎನ್ಕೆಫಲಿನ್‌ಗಳನ್ನು, ವೇಗದ್ದು ಡೈನಾರ್ಫಿನ್ ಅನ್ನು ಹೊರಡಿಸುತ್ತದೆ ಎಂದು ಬೀಜಿಂಗ್‌ನ ವಿಜ್ಞಾನಿ ಹಾನ್ ಜಿಶೆಂಗ್ ಪ್ರಯೋಗಗಳಿಂದ ತೋರಿಸಿದರು. ಪೇಸ್‌ಮೇಕರ್ ಇದ್ದವರಿಗೆ ಈ ಕರೆಂಟ್ ಬೇಡ.

ಫಲ ಎಷ್ಟು? ಚೀನಾದ 6 ಆಸ್ಪತ್ರೆಗಳಲ್ಲಿ ಡಿಸ್ಕ್ ಜಾರಿ ಹಳೆಯದಾದ ಸಯಾಟಿಕಾ ಇದ್ದ 216 ಜನರ ಮೇಲೆ ನಡೆದ ಪರೀಕ್ಷೆ 2024ರಲ್ಲಿ ಪ್ರಕಟವಾಯಿತು. 4 ವಾರದಲ್ಲಿ 10 ಸಲ ಸೂಜಿ. 100ರ ಅಳತೆಯಲ್ಲಿ ಕಾಲುನೋವು ನಿಜವಾದ ಸೂಜಿಗೆ ಸುಮಾರು 31, ಹೋಲಿಕೆಗೆಂದು ಹಾಕಿದ ನಕಲಿ ಸೂಜಿಗೆ 15ರಷ್ಟು ಇಳಿಯಿತು. ನಕಲಿಗೇ 15 ಇಳಿದದ್ದನ್ನು ಮುಚ್ಚಿಡಬಾರದು. ಯಾವ ಚಿಕಿತ್ಸೆ ಕೊಡಬೇಕೆಂದು ಸರ್ಕಾರಿ ಆರೋಗ್ಯ ಸೇವೆಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವು, ಸಯಾಟಿಕಾಗಳಿಗೆ ಅಕ್ಯುಪಂಕ್ಚರ್ ಕೊಡಬೇಡಿ ಎಂದೇ ಹೇಳಿತ್ತು. ಇವೆರಡನ್ನೂ ಒಟ್ಟಿಗಿಟ್ಟು ನೋಡಿದರೆ ನನ್ನ ಸಲಹೆ ಇಷ್ಟು: ನೋವಿಗೆ ದಿನಾ 10ಕ್ಕೆ ಎಷ್ಟು, ಎಷ್ಟು ದೂರ ನಡೆದಿರಿ ಎಂದು ಬರೆದಿಡಿ. ಆರು ಸಲವಾದರೂ ಆ ಅಂಕಿ ಅಲ್ಲಾಡದಿದ್ದರೆ ನಿಲ್ಲಿಸಿ. ಆದ್ದರಿಂದಲೇ ಪ್ಯಾಕೇಜ್ ದುಡ್ಡು ಮುಂಗಡ ಕಟ್ಟಬೇಡಿ.

ಶುಗರ್‌ನಿಂದ ಬರುವ ಪಾದದ ಉರಿಯ ಲೆಕ್ಕ ಬೇರೆ. ಅಲ್ಲಿ ಪುರಾವೆ ಇನ್ನೂ ತೆಳು, ಅಪಾಯ ಹೆಚ್ಚು. ಜೋಮು ಹಿಡಿದ ಪಾದಕ್ಕೆ ಸೂಜಿಗಿಂತ ಅದರ ಜೊತೆಗಿಡುವ ಮಾಕ್ಸಾ ಕೆಂಡ (ಒಣಗಿದ ಎಲೆಯ ಪುಡಿ ಹೊತ್ತಿಸಿದ್ದು), ಶಾಖದ ದೀಪವೇ ಭಯ. ಬಿಸಿ ಗೊತ್ತಾಗದೆ ಚರ್ಮ ಸುಟ್ಟು, ಗಾಯ ವಾರಗಟ್ಟಲೆ ಮಾಯುವುದಿಲ್ಲ. ಹುಣ್ಣು, ಬಾವು ಇರುವ ಕಾಲಿಗೆ ಸೂಜಿ ಕೂಡದು. ವರ್ಷಗಟ್ಟಲೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನುಂಗಿದವರು ಮೊದಲು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಆ ಕೊರತೆಯೂ ಇದೇ ಉರಿ, ಇದೇ ಜೋಮು ತರುತ್ತದೆ, ಅದನ್ನು ಯಾವ ಸೂಜಿಯೂ ತುಂಬಿಕೊಡದು. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ನುಂಗುತ್ತಿರುವವರು ನೋವು ಕಡಿಮೆಯಾಯಿತೆಂದು ಒಮ್ಮೆಗೇ ಬಿಡಬೇಡಿ, ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ಹಂತಹಂತವಾಗಿ ಇಳಿಸಿ. ಸೂಜಿ ಹಾಕಿಸಿಕೊಂಡ ಮಾರನೇ ಬೆಳಿಗ್ಗೆ ಗಾಯವೇನಾದರೂ ಆಗಿದೆಯೇ ಎಂದು ಕಾಲ್ಬೆರಳ ಸಂದಿಗಳನ್ನು ಬೆಳಕಿನಲ್ಲಿ ಬಿಡಿಸಿ ನೋಡಿ, ಕಣ್ಣು ಮಂಜಾಗಿದ್ದರೆ ಮನೆಯವರ ಕೈಲಿ ನೋಡಿಸಿ.