ಅವಳ ಪಾಡಿಗೆ ಅವಳು ಓದುತ್ತಾಳೆ ಬಿಡಿ ಅನ್ನಬೇಡಿ

ನಿನ್ನೆ ಶನಿವಾರ ಮಂಡ್ಯದಲ್ಲಿ ಅಕ್ಕನ ಮಗಳು ಪುಟ್ಟಿಯ ಸ್ಕೂಲಿನ ಪೇರೆಂಟ್ಸ್ ಮೀಟಿಂಗಿಗೆ ಹೋಗಿದ್ದೆ. ಹತ್ತನೇ ಕ್ಲಾಸು. ನಮ್ಮ ಸರದಿ ಎರಡೇ ನಿಮಿಷಕ್ಕೆ ಮುಗಿಯಿತು. "ನಿಮ್ಮ ಹುಡುಗಿ ಬಗ್ಗೆ ಯೋಚನೆ ಇಲ್ಲ ಬಿಡಿ, ಅವಳ ಪಾಡಿಗೆ ಅವಳು ಮಾರ್ಕ್ಸ್ ತೆಗೀತಾಳೆ" ಅಂದರು ಅವಳ ಮೇಡಂ. ಅಕ್ಕನಿಗೆ ಖುಷಿ. ನನಗೆ ಮೈಯೆಲ್ಲ ಉರಿದುಹೋಯಿತು.

ಇದೇ ಮಾತನ್ನು ನನ್ನ ಬಗ್ಗೆಯೂ ಹೇಳುತ್ತಿದ್ದರು.

ಎರಡರ ವರ್ಗಮೂಲ ಅಭಾಗಲಬ್ಧ, ಅಂದರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲು ಆಗದ್ದು, ಅಂತ ಸಾಧಿಸುವುದು ಹತ್ತನೇ ಕ್ಲಾಸಿನ ಗಣಿತದಲ್ಲಿದೆ. ಪುಟ್ಟಿ ಕ್ಲಾಸಲ್ಲಿ ಎದ್ದು ನಿಂತು, "ನಾಲ್ಕರ ವರ್ಗಮೂಲಕ್ಕೂ ಇದೇ ದಾರೀಲಿ ಹೋದರೆ ಎಲ್ಲಿ ಕೆಡುತ್ತೆ?" ಅಂತ ಕೇಳಿದ್ದಳಂತೆ. ನಾಲ್ಕರ ವರ್ಗಮೂಲ ಎರಡು. ಅಂದರೆ ಎಲ್ಲೋ ಕೆಡಲೇಬೇಕು. ಎಂಥ ಒಳ್ಳೆ ಪ್ರಶ್ನೆ! ಸಿಕ್ಕ ಉತ್ತರ, "ಅದು ಎಕ್ಸಾಮಿಗೆ ಬರಲ್ಲ, ಕೂತ್ಕೋ."

ಸಂಜೆ ದಿನಸಿ ಚೀಟಿಯ ಹಿಂದೆ ಇಬ್ಬರೂ ಬರೆದು ನೋಡಿದೆವು. ಆ ಸಾಧನೆ ನಿಂತಿರುವುದು ಒಂದೇ ಮಾತಿನ ಮೇಲೆ: ಒಂದು ಸಂಖ್ಯೆಯ ವರ್ಗ ಎರಡರಿಂದ ಭಾಗವಾದರೆ ಆ ಸಂಖ್ಯೆಯೂ ಎರಡರಿಂದ ಭಾಗವಾಗುತ್ತದೆ. ಎರಡು ಅವಿಭಾಜ್ಯ (ಒಂದು ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆ), ಅದಕ್ಕೇ. ನಾಲ್ಕಕ್ಕೆ ಆ ಮಾತು ನಿಲ್ಲಲ್ಲ. ಆರರ ವರ್ಗ 36, ಅದು ನಾಲ್ಕರಿಂದ ಭಾಗವಾಗುತ್ತದೆ. ಆರು ಆಗಲ್ಲ. ಪುಟ್ಟಿ ಪೆನ್ನು ಕೆಳಗಿಟ್ಟು "ಇಷ್ಟೇನಾ ಮಾವ!" ಅಂದಳು. ಆ ಮುಖವನ್ನು ಅವಳ ಮೇಡಂ ನೋಡಬೇಕಿತ್ತು.

ನನ್ನ ಹೈಸ್ಕೂಲೂ ಹೀಗೇ ಇತ್ತು. ಲೆಕ್ಕ ಬೇಗ ಮುಗಿಸಿದರೆ ಬೋರ್ಡು ಒರೆಸು, ಬೇರೆಯವರ ನೋಟ್ಸ್ ನೋಡು, ಇಲ್ಲಾ ಸುಮ್ನೆ ಕೂರು. ಮೂರು ವರ್ಷ ಇದೇ. ಪಿಯುಸಿಯೂ ಬಾಯಿಪಾಠದಲ್ಲೇ ದಾಟಿತು. ಆಮೇಲೆ ಮೈಸೂರಿನ ಯುವರಾಜ ಕಾಲೇಜಿಗೆ ಬಿ.ಎಸ್ಸಿ. ಸೇರಿ, ದಿನಾ ಪ್ಯಾಸೆಂಜರ್ ರೈಲು ಹತ್ತಿದೆ. ಗಣಿತದ ಮೊದಲ ಟೆಸ್ಟಲ್ಲಿ ಎಪ್ಸಿಲಾನ್, ಡೆಲ್ಟಾ ಬಳಸಿ ಲಿಮಿಟ್ ಸಾಧಿಸಿ ಅಂತ ಕೇಳಿದ್ದರು. ನನಗೆ ಬಂದದ್ದು 25ಕ್ಕೆ 6.

ಮಾರ್ಕ್ಸ್ ಹೋಗಲಿ. ಬಾರದ ಲೆಕ್ಕದ ಮುಂದೆ ಅರ್ಧ ಗಂಟೆ ಕೂರುವುದು ಹೇಗೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ತಕ್ಷಣ ಬರಲಿಲ್ಲವಾ, ಹಾಗಾದರೆ ನಾನು ದಡ್ಡ ಅಂತಲೇ ತೀರ್ಮಾನ ಮಾಡಿಕೊಂಡೆ. ಹೈಸ್ಕೂಲಲ್ಲಿ ಒದ್ದಾಡಿ ಪಾಸಾಗಿದ್ದ ಗೆಳೆಯರು ಇಲ್ಲೂ ಒದ್ದಾಡಿದರು, ಕಲಿತರು. ನಾನು ಹೆಚ್ಚುಕಡಿಮೆ ಒಂದು ತಿಂಗಳು ಕ್ಲಾಸಿಗೆ ಚಕ್ಕರ್ ಹಾಕಿ ಮೈಸೂರು ಸ್ಟೇಷನ್ ಬೆಂಚಿನ ಮೇಲೆ ಕೂತು, ಸಂಜೆ ರೈಲಿಗೆ ಮನೆಗೆ ಬರುತ್ತಿದ್ದೆ. ಅಮ್ಮ ಕಾಫಿ ಕೊಟ್ಟು "ಪಾಠ ಹೆಂಗಾಯ್ತು?" ಅನ್ನುವರು. ಚೆನ್ನಾಗಾಯ್ತು ಅನ್ನುತ್ತಿದ್ದೆ. ಇದು ಅಕ್ಕನಿಗೂ ಗೊತ್ತಿರಲಿಲ್ಲ, ನಿನ್ನೆ ರಾತ್ರಿ ಹೇಳಿದೆ.

ಮೇಷ್ಟ್ರುಗಳ ಕಷ್ಟ ಗೊತ್ತಿಲ್ಲ ಅಂತಲ್ಲ. ಫೇಲಾಗುವ ಮಕ್ಕಳನ್ನು ದಡ ಮುಟ್ಟಿಸಬೇಕು, ರಿಸಲ್ಟ್ ಇಳಿದರೆ ಅವರನ್ನೇ ಕೇಳುತ್ತಾರೆ. ಒಪ್ಪಿದೆ. ಆದರೆ ಪುಟ್ಟಿಯ ಪ್ರಶ್ನೆಗೆ ಎಷ್ಟು ಹೊತ್ತು ಬೇಕಿತ್ತು? "ಮನೇಲಿ ಯೋಚನೆ ಮಾಡು, ನಾಳೆ ಬಂದು ನೀನೇ ಹೇಳು" ಅಂದಿದ್ದರೂ ಸಾಕಿತ್ತು. ಒಂದೇ ವಾಕ್ಯ. ಅವಳ ಪಾಡಿಗೆ ಅವಳನ್ನು ಬಿಟ್ಟದ್ದು ಹೊಗಳಿಕೆ ಅಲ್ಲ, ಕೈಬಿಟ್ಟದ್ದು.

ಪುಟ್ಟಿ ಈಗ ಆರರ ವರ್ಗಮೂಲ ಹಿಡಿದು ಕೂತಿದ್ದಾಳೆ. ಆರು ಅವಿಭಾಜ್ಯ ಅಲ್ಲ, ಆದರೂ ದಾರಿ ಕೆಡುತ್ತಿಲ್ಲ, ಯಾಕೆ ಅಂತ. ನಾನು ಬಾಯಿ ಬಿಟ್ಟಿಲ್ಲ. ನಾಳೆ ಮತ್ತೆ ಸ್ಕೂಲಿಗೆ ಹೋಗಿ, ವಾರಕ್ಕೊಂದು ಕಷ್ಟದ ಲೆಕ್ಕ ಕೊಡಿ ಅಂತ ಅವಳ ಮೇಡಂ ಹತ್ತಿರ ಕೇಳುತ್ತೇನೆ.