ಕೂಲಂಟ್ ಬದಲು ಬಾವಿ ನೀರು ಸಾಕೇ? ಒಂದು ಸ್ಪಷ್ಟನೆ

"ಮಂಗಳೂರಲ್ಲೇನು ಹಿಮ ಬೀಳುತ್ತದಾ? ಕಾರಿಗೆ ಕೂಲಂಟ್ ಯಾಕೆ, ಬಾವಿ ನೀರು ಸಾಕು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಕೂಲಂಟ್ ಅಂದರೆ ಇಂಜಿನ್ ತಂಪಾಗಿಡಲು ರೇಡಿಯೇಟರ್‌ಗೆ ಹಾಕುವ ದ್ರವ. ಅದು ಇರುವುದು ಚಳಿಗೆ ನೀರು ಹೆಪ್ಪುಗಟ್ಟದಿರಲಿ ಎಂದು ಮಾತ್ರ ಅಲ್ಲ. ಅದು ನೀರು ಬೇಗ ಕುದಿಯದಂತೆ ನೋಡಿಕೊಳ್ಳುತ್ತದೆ, ಒಳಗೆ ತುಕ್ಕು ತಡೆಯುತ್ತದೆ. ಬರೀ ನೀರಲ್ಲಿ ಓಡಿಸಿದ ನನ್ನ ಹಳೇ ಕಾರಿನ ರೇಡಿಯೇಟರ್ ಬಿಚ್ಚಿದಾಗ ಬಂದದ್ದು ಚಹಾ ಬಣ್ಣದ ಕೆಸರು.

ಹಸಿರು, ಕೆಂಪು ಎಂದು ಬಣ್ಣ ನೋಡಿ ಆರಿಸಬೇಡಿ. ಅದು ಕಂಪನಿಯಿಂದ ಕಂಪನಿಗೆ ಬೇರೆ. ಮ್ಯಾನುವಲ್‌ನಲ್ಲಿ ಹೇಳಿದ್ದನ್ನೇ ತನ್ನಿ. ನೀರು ಬೆರೆಸದ ಗಟ್ಟಿ ಕೂಲಂಟ್‌ಗೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು, ಮೊದಲೇ ಬೆರೆಸಿ ಬರುವ ರೆಡಿಮಿಕ್ಸ್‌ಗೆ ಬೇಡ. ಆಗುಂಬೆ ಘಾಟಿಯಲ್ಲಿ ಕೂಲಂಟ್ ಖಾಲಿಯಾಗಿ ಕಾರು ಕೈಕೊಟ್ಟರೆ ನೀರು ತುಂಬಿ ಮನೆ ಸೇರಬಹುದು, ಅಷ್ಟೇ. ಇಂಜಿನ್ ತಣ್ಣಗಾಗದೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಹಳೇ ಕೂಲಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಸಿಹಿ ಅಂತ ನಾಯಿ ನೆಕ್ಕಿದರೆ ಜೀವಕ್ಕೇ ಅಪಾಯ.