ಸತ್ಯಾಂಶ: ಫೀಡರ್ ಇಳಿಸದಿದ್ದರೆ ಹಮ್ಮಿಂಗ್‌ಬರ್ಡ್ ವಲಸೆ ಹೋಗುವುದಿಲ್ಲವೇ?

"ಸೆಪ್ಟೆಂಬರ್ ಬಂತು, ಫೀಡರ್ ಇಳಿಸಿ. ಇಲ್ಲದಿದ್ದರೆ ಹಮ್ಮಿಂಗ್‌ಬರ್ಡ್ ಇಲ್ಲೇ ಉಳಿದು ಚಳಿಗೆ ಸಾಯುತ್ತದೆ." ಅಮೆರಿಕದಲ್ಲಿ ಹಿತ್ತಲಿಗೆ ಫೀಡರ್ (ಈ ಪುಟ್ಟ ಹಕ್ಕಿಗೆ ಸಕ್ಕರೆ ನೀರು ಇಡುವ ಡಬ್ಬಿ) ಕಟ್ಟಿದವರಿಗೆ ಈ ಮಾತು ಹೊಸದೇನಲ್ಲ. ಆದರೆ ಇದು ಸುಳ್ಳು.

ಹಗಲು ಗಿಡ್ಡವಾಗುತ್ತಾ ಬಂದಂತೆ ಹಕ್ಕಿಗೆ ಹೊರಡುವ ಹೊತ್ತು ತಾನಾಗಿಯೇ ತಿಳಿಯುತ್ತದೆ. ನ್ಯೂಜೆರ್ಸಿಯ ಕಡೆ ಬರುವ ಕೆಂಪು ಕೊರಳಿನ ಜಾತಿ ಸುಮಾರು 3 ಗ್ರಾಂ ತೂಗುತ್ತದೆ, ಅಷ್ಟೇ! ಹೊರಡುವ ಮುಂಚೆ ಕೊಬ್ಬು ತುಂಬಿಕೊಂಡು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಇವುಗಳಲ್ಲಿ ಹಲವು ಮೆಕ್ಸಿಕೋ ಕೊಲ್ಲಿಯ ಮೇಲೆ ಸುಮಾರು 800 ಕಿ.ಮೀ. ಎಲ್ಲೂ ಇಳಿಯದೆ ಹಾರುತ್ತವೆ. ಅಂಥ ಹೊತ್ತಲ್ಲಿ ಸುಮ್ನೆ ಊಟ ಯಾಕೆ ಕಿತ್ತುಕೊಳ್ಳಬೇಕು?

ಕೊನೆಯ ಹಕ್ಕಿ ಕಂಡ ಮೇಲೂ ಎರಡು ವಾರ ಫೀಡರ್ ಇರಲಿ. ಉತ್ತರದಿಂದ ತಡವಾಗಿ ಬರುವವೂ ಇರುತ್ತವೆ, ಅಲ್ವಾ? ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು. ಜೇನು, ಬಣ್ಣ ಬೇಡ. ತೊಳೆಯದೆ ಬಿಟ್ಟರೆ ಮಾತ್ರ ಅಪಾಯ ಜಾಸ್ತಿ: ಸೆಕೆಗೆ ನೀರು ಬೇಗ ಮಂಕಾಗಿ ಬೂಸ್ಟು ಹಿಡಿಯುತ್ತದೆ.